ಅಮ್ಮನ ಚಿತ್ರಕ್ಕೆ ಅಜ್ಜಿಯ ಕಣ್ಣು

ಪರದೆ ಸರಿಯಿತು. ತಾನು ಎಂದೂ ಕಾಣದ ಅಮ್ಮನ ಚಿತ್ರ ಎದುರಿಗಿದ್ದರೂ ಹುಡುಗಿ ಅಳಲಿಲ್ಲ. ತಿರುಗಿ, ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕುಳಿತಿದ್ದ ಅಜ್ಜಿಯ ಮುಖ ನೋಡಿದಳು. ಸಿಕ್ಕಿಬಿದ್ದೆ ಎನಿಸಿತು ನನಗೆ.

ಟಿವಿಯ ಹಾಡಿನ ಸ್ಪರ್ಧೆಗೆ ಬಂದಿದ್ದ ಅರಂತೋಡಿನ ಆ ಹುಡುಗಿಗಾಗಿ, ಹೆರಿಗೆಯಲ್ಲೇ ತೀರಿಕೊಂಡ ಅವಳ ತಾಯಿಯ ಭಾವಚಿತ್ರ ಬರೆಯಲು ಪುತ್ತೂರಿನ ಕಲಾವಿದನಾದ ನನಗೆ ಕಾರ್ಯಕ್ರಮದವರು ಹೇಳಿದ್ದರು. ಹುಡುಗಿಯ ಮನೆಯಲ್ಲಿ ಇದ್ದದ್ದು ತಾಯಿಯ ಒಂದೇ ಫೋಟೊ, ಸಾವಿನ ದಿನ ತೆಗೆದದ್ದು. ಅದರಲ್ಲಿ ಕಣ್ಣು ಮುಚ್ಚಿತ್ತು.

"ಕಣ್ಣಿಗೆ ಎಂತ ಮಾಡುದು ಅಜ್ಜಿ?" ಎಂದು ಕೇಳಿದ್ದೆ.

"ನನ್ನದನ್ನೇ ನೋಡಿ ಬರೀರಿ ಮಾರಾಯ್ರೆ. ಅವಳಿಗೆ ನನ್ನದೇ ಕಣ್ಣು" ಎಂದು ಅವರು ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಕುಳಿತಿದ್ದರು. ನಾನು ಸುಕ್ಕುಗಳನ್ನಷ್ಟೇ ಬಿಟ್ಟು ಬರೆದಿದ್ದೆ.

ಈಗ ಹುಡುಗಿ ವೇದಿಕೆಯಿಂದಲೇ ಕೇಳಿದಳು: "ಅಜ್ಜಿ, ಇದು ನಿಮ್ಮ ಕಣ್ಣಲ್ವಾ?"

"ಅಲ್ಲ ಮಗಾ, ಅದು ನಿನ್ನ ಅಮ್ಮನದ್ದೇ. ಇಷ್ಟು ವರ್ಷ ನನ್ನ ಹತ್ರ ಇತ್ತು."

ಪ್ರಸಾರವಾದ ಕಾರ್ಯಕ್ರಮದಲ್ಲಿ ಹುಡುಗಿಯ ಪ್ರಶ್ನೆಯಷ್ಟೇ ಕೇಳಿಸಿತು. ಅಜ್ಜಿಗೆ ಯಾರೂ ಮೈಕ್ ಕೊಟ್ಟಿರಲಿಲ್ಲ. ಅದಕ್ಕೇ ಅವರ ಉತ್ತರವನ್ನು ಇಲ್ಲಿ ಬರೆದಿದ್ದೇನೆ.