ಶೆಣೈ ಯೂಟರ್ನ್

ದೋಹಾದ ಪ್ರತಿ ಕಟ್ಟಡದ ಗೋಡೆಯ ಮೇಲೂ ವಲಯ, ಬೀದಿ, ಮನೆಯ ಸಂಖ್ಯೆಗಳನ್ನು ಹೊತ್ತ ನೀಲಿ ಫಲಕವಿದೆ. ಅದನ್ನು ಓದಿ ವಿಳಾಸ ಹೇಳಿದ ಒಬ್ಬನೇ ಒಬ್ಬ ಕನ್ನಡಿಗನನ್ನು ಇಪ್ಪತ್ತೆರಡು ವರ್ಷಗಳಲ್ಲಿ ನಾನು ಕಂಡಿಲ್ಲ. ನಮ್ಮದೇನಿದ್ದರೂ ‘ಹಳೇ ಬೇಕರಿ ದಾಟಿ, ಮಸೀದಿ ಬಿಟ್ಟು’ ಎಂಬ ಪರಂಪರಾಗತ ಭೂಗೋಳ. ಆ ಭೂಗೋಳದಲ್ಲಿ ಅಲ್ ಗರಾಫಾದ ತಿರುವೊಂದಕ್ಕೆ ನನ್ನ ಹೆಸರಿದೆ: ಶೆಣೈ ಯೂಟರ್ನ್. ಓದುಗ ಮಿತ್ರರು ಅಸೂಯೆಪಡುವ ಮುನ್ನ ಕಾರಣ ಕೇಳಬೇಕು.

ಕೆಲವು ವರ್ಷಗಳ ಹಿಂದೆ ಪಿಕ್ನಿಕ್ಕಿಗೆ ಹೊರಟ ನಮ್ಮ ಏಳು ಕಾರುಗಳಿಗೆ, ದಾರಿ ಬಲ್ಲೆನೆಂಬ ಭಂಡ ಧೈರ್ಯದಿಂದ ನಾನೇ ಮುಂದಾಳಾಗಿದ್ದೆ. ಮುಂದಿನ ಕಾರನ್ನು ಬಿಡದೆ ಹಿಂಬಾಲಿಸುವುದು ನಮ್ಮವರ ಧರ್ಮ; ಹಾಗಾಗಿ ನಾನು ದಾರಿ ತಪ್ಪಿದಾಗ ಉಳಿದ ಆರೂ ಶ್ರದ್ಧಾಭಕ್ತಿಯಿಂದ ತಪ್ಪಿ, ಅಪರಿಚಿತ ಅರಬರೊಬ್ಬರ ವಿಲ್ಲಾದ ಗೇಟಿನೆದುರು ಮದುವೆ ದಿಬ್ಬಣದಂತೆ ಸಾಲಾಗಿ ನಿಂತವು. ಆ ಪುಣ್ಯಾತ್ಮರು ನಮ್ಮನ್ನು ಅತಿಥಿಗಳೆಂದೇ ಬಗೆದು ಖರ್ಜೂರ, ಅರಬ್ಬೀ ಕಾಫಿ ಕೊಟ್ಟು ಕಳಿಸಿದರು. ನಾವು ಹಿಂತಿರುಗಿದ ತಿರುವಿಗೆ ಅಂದೇ ನಾಮಕರಣವಾಯಿತು.

ಬರುವ ತಿಂಗಳು ಕೆಲಸಕ್ಕೆ ಖಲಾಸ್ ಹೇಳಿ ಮಂಗಳೂರಿಗೆ ಮರಳುವವನು ನಾನು. ಅಷ್ಟರೊಳಗೆ ಈ ಅಪಕೀರ್ತಿಯನ್ನು ಅಳಿಸಲೇಬೇಕೆಂದು ಕಂಡವರಿಗೆಲ್ಲ ‘ಆ ತಿರುವಿಗೆ ಫಾರ್ಮಸಿ ಸಿಗ್ನಲ್ ಅನ್ನಿ ಮಾರಾಯ್ರೆ’ ಎಂದು ಬೇಡಿಕೊಂಡೆ. ಇಷ್ಟು ವರ್ಷ ದುಡಿದ ಊರಿನಲ್ಲಿ ನನ್ನ ಗುರುತಾಗಿ ಒಂದು ತಪ್ಪು ಮಾತ್ರ ಉಳಿಯುತ್ತದಲ್ಲಾ ಎಂದು ನಿಜಕ್ಕೂ ನೋವಾಗಿತ್ತು.

ಲುಸೈಲ್‌ನ ಆಫೀಸಿನಲ್ಲಿ, ಪಕ್ಕದ ಮೇಜಿನ ಮೆಕ್ಸಿಕೊ ಗೆಳೆಯನೆದುರು ಇದನ್ನು ತೋಡಿಕೊಂಡೆ. ಆತ ತನ್ನೂರಿನ ಕತೆ ಹೇಳಿದ. ಅಲ್ಲಿನ ಮೂಲನಿವಾಸಿಗಳಾದ ಯಾಕಿ ಜನರ ನೆಲಕ್ಕಾಗಿ ಸರ್ಕಾರದೊಡನೆ ಕಾದಾಡಿದ ನಾಯಕ ಕಹೇಮೆ. ‘ನೀರು ಕುಡಿಯಲೂ ನಿಲ್ಲದವನು’ ಎಂದು ಆ ಹೆಸರಿನ ಅರ್ಥವಂತೆ. ದಿನಕ್ಕೆ ನಾಲ್ಕು ಬಾಟಲಿ ಬರಿದು ಮಾಡುವ ನಾನು ಇಲ್ಲಿ ತಲೆ ತಗ್ಗಿಸಿದೆ. ಸರ್ಕಾರ ಅವನನ್ನು ಗುಂಡಿಕ್ಕಿ ಕೊಂದಿತು. ಮುಂದೆ ಊರಿಗೆ ಅವನದೇ ಹೆಸರು ಬಂತು. ಆಮೇಲೆ ಅದನ್ನು ಕಿತ್ತು ದಂಡನಾಯಕನೊಬ್ಬನ ಹೆಸರಿಟ್ಟರು. ಸುತ್ತಲಿನ ಸೀಮೆ ಮಾತ್ರ ಇಂದಿಗೂ ಕಹೇಮೆ. ಗೆಳೆಯನ ಮುತ್ತಜ್ಜಿಯಂತೂ ಸಾಯುವವರೆಗೂ ನಗರವನ್ನೂ ಕಹೇಮೆ ಎಂದೇ ಕರೆಯುತ್ತಿದ್ದಳಂತೆ. ಆ ವೀರನ ಬಲಿದಾನದ ಪಕ್ಕ ನನ್ನ ಯೂಟರ್ನನ್ನು ಇಡುವುದು ಅಧಿಕಪ್ರಸಂಗವೇ. ಆದರೂ ಆ ಅಜ್ಜಿ ಮನಸ್ಸಿನಲ್ಲಿ ಉಳಿದಳು.

ಮೊನ್ನೆ, ಊರಿಗೆ ಹೋಗುವವರ ಪದ್ಧತಿಯಂತೆ, ನನ್ನಾಕೆ ತನ್ನ ಗ್ರೈಂಡರನ್ನು ಹೊಸದಾಗಿ ಬಂದ ಹುಬ್ಬಳ್ಳಿಯ ನರ್ಸ್ ಒಬ್ಬಳಿಗೆ ಕೊಡುವುದೆಂದು ಒಪ್ಪಿದ್ದಳು. ಹೊತ್ತು ಮುಟ್ಟಿಸಬೇಕಾದವನು ನಾನು. ನನ್ನ ಹೆಸರರಿಯದ ಆ ಹುಡುಗಿ ಫೋನಿನಲ್ಲಿ ದಾರಿ ಹೇಳಿದಳು: “ಶೆಣೈ ಯೂಟರ್ನ್ ಹತ್ರ ಬರ್ರಿ ಅಂಕಲ್, ಅಲ್ಲೇ ನಿಂತಿರ್ತೀನಿ.”

ಗ್ರೈಂಡರ್ ಇಳಿಸುತ್ತ, ಏನೂ ಅರಿಯದವನಂತೆ ಕೇಳಿದೆ: “ಶೆಣೈ ಅಂದ್ರೆ ಯಾರಮ್ಮಾ?”

“ಗೊತ್ತಿಲ್ರಿ. ಯಾರೋ ಭಾಳ ದೊಡ್ಡ ಮನಷ್ಯಾ ಇದ್ದಿರಬೇಕು. ಇಲ್ಲಾಂದ್ರ ಮಂದಿ ಹೆಸರು ಯಾಕ ಇಡ್ತಾರ್ರಿ?”

‘ಇದ್ದಿರಬೇಕು’ ಎಂದು ಗಂಭೀರವಾಗಿ ಒಪ್ಪಿದೆ.

ಅಲ್ ಸದ್ದ್‌ನ ನನ್ನ ಮನೆಗೆ ಹೊರಡುವ ಮೊದಲು ಆ ತಿರುವಿನ ಕಟ್ಟಡದ ನೀಲಿ ಫಲಕವನ್ನು ಮೊದಲ ಬಾರಿಗೆ ಪೂರ್ತಿ ಓದಿದೆ, ಕೂಡಲೇ ಮರೆತೆ. ಅಷ್ಟರಲ್ಲಿ, ನನ್ನ ಬೇಡಿಕೆಯನ್ನು ಮನ್ನಿಸಿದ ಏಕೈಕ ಗೆಳೆಯನ ಫೋನು: “ಫಾರ್ಮಸಿ ಸಿಗ್ನಲ್ ಹತ್ರ ಇದ್ದೇನೆ, ನೀನೆಲ್ಲಿ?”

“ಅದೆಲ್ಲಿ ಬರ್ತದೆ ಮಾರಾಯ?” ಎಂದು ಗದರಿದೆ. “ಶೆಣೈ ಯೂಟರ್ನ್ ಅಂತ ಸರಿಯಾಗಿ ಹೇಳು!”