ಲಾರಿ ಹತ್ತದವಳು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆಯಲ್ಲಿ ಕೂತು, ಹರಿದ ಹಾಸುಬಟ್ಟೆ, ದಿಂಬಿನ ಚೀಲ, ರೋಗಿಗಳ ಅಂಗಿ ಹೊಲಿಯುವುದು ಅವಳ ಕೆಲಸ. ಮೇಲಿನ ಮಹಡಿಗಳಲ್ಲಿ ಅವಳ ಹೆಸರು ಯಾರಿಗೂ ಗೊತ್ತಿರಲಿಲ್ಲ. ದಾದಿಯರಿಂದ ಹಿಡಿದು ದೊಡ್ಡ ಡಾಕ್ಟರರವರೆಗೆ ಎಲ್ಲರಿಗೂ ಅವಳು ಸೂಜಿಯಕ್ಕ. "ಹರಕು ಬಾಯೊಂದನ್ನು ಬಿಟ್ಟು ಏನು ಕೊಟ್ಟರೂ ಹೊಲೀತಾಳೆ" ಎಂದು ವಾರ್ಡಿನವರು ನಗುತ್ತಿದ್ದರು.

ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ ಅವಳ ಸಂಸಾರ. ಮನುಷ್ಯರ ದನಿ ಬೇಕೆನಿಸಿದರೆ ರೇಡಿಯೋ ಹಾಕಿಕೊಳ್ಳುತ್ತಿದ್ದಳು. ಅದು ತಾನೇ ಮಾತಾಡುತ್ತಿತ್ತೇ ಹೊರತು ಇವಳ ಮಾತಿಗೆ ಕಿವಿಗೊಡುತ್ತಿರಲಿಲ್ಲ.

ಆ ಕಾದಂಬರಿ ಅವಳ ಕೈಗೆ ಬಂದದ್ದು ಮೈಲಿಗೆ ಬಟ್ಟೆಯ ಗಂಟಿನಲ್ಲಿ. ಯಾವನೋ ರೋಗಿ ದಿಂಬಿನ ಕೆಳಗೆ ಮರೆತು ಹೋಗಿದ್ದ. ರಟ್ಟು ಕಿತ್ತುಹೋದ, ಇಟ್ಟಿಗೆಯಂಥ ಪುಸ್ತಕ. ಹಿರಿಯ ದಾದಿಗೆ ಒಪ್ಪಿಸಿದರೆ, "ಕೇಳೋಕೆ ಯಾರೂ ಬರ್ಲಿಲ್ಲ ಸೂಜಿಯಕ್ಕ, ನೀವೇ ಇಟ್ಕೊಳ್ಳಿ" ಎಂದಳು. ಮಧ್ಯಾಹ್ನದ ಬಿಡುವಿನಲ್ಲಿ ಸುಮ್ಮನೆ ತೆರೆದವಳು ಡಬ್ಬಿಯ ಊಟವನ್ನೇ ಮರೆತಳು.

ಅದು ಹೊಲದಿಂದ ಹೊಲಕ್ಕೆ ಕೂಲಿ ಹುಡುಕಿಕೊಂಡು ಅಲೆಯುವ ಒಂದು ಕುಟುಂಬದ ಕಥೆ. ಹಳೆಯ ಕಾಲದ ಪುಸ್ತಕ, ಬಹಳ ಹೆಸರಾದದ್ದು. ಲಾರಿಯ ಮೇಲೆ ಪಾತ್ರೆ, ಹಾಸಿಗೆ, ಮುದುಕರು, ಮಕ್ಕಳು ಎಲ್ಲ ಒಂದೇ ರಾಶಿ. ಒಂದು ಕಡೆ ಬೆಳೆ ಕಿತ್ತು ಮುಗಿಯುವ ಹೊತ್ತಿಗೆ ಇನ್ನೊಂದು ಕಡೆಯ ಮಾಲೀಕ "ಆಳು ಸಾಕು" ಎಂದಿರುತ್ತಾನೆ. ಓದುತ್ತಾ ಓದುತ್ತಾ ಸೂಜಿಯಕ್ಕನ ಮೂಗಿಗೆ ಡೀಸೆಲ್ ಹೊಗೆಯ ವಾಸನೆ ಬಂತು. ಅವಳೂ ಅಂಥ ಲಾರಿಯ ಮೇಲೆ ಬೆಳೆದವಳು. ಹತ್ತಿ ಬಿಡಿಸುವ ಕಾಲಕ್ಕೆ ಒಂದು ಕಡೆ, ಈರುಳ್ಳಿ ಕೀಳುವ ಕಾಲಕ್ಕೆ ಇನ್ನೊಂದು ಕಡೆ. ಅಪ್ಪನ ಕಾಲಿಗೆ ಚಕ್ರ ಕಟ್ಟಿತ್ತು ಹೊಟ್ಟೆಪಾಡು.

ಆದರೆ ಪುಸ್ತಕದ ತಾಯಿಯನ್ನು ಕಂಡರೆ ಅವಳಿಗೆ ಆಗಿಬರಲಿಲ್ಲ. ಆ ತಾಯಿ ಬಂಡೆಯಂಥವಳು. ಎಲ್ಲಿ ಇಳಿದರೂ ಮೊದಲು ಒಲೆ ಹೂಡುತ್ತಾಳೆ, ತನ್ನ ಪಾಲಿನ ತುತ್ತನ್ನು ಮಕ್ಕಳಿಗೆ ಸರಿಸುತ್ತಾಳೆ, ಗಂಡಸರು ಕುಸಿದರೆ ಎತ್ತಿ ನಿಲ್ಲಿಸುತ್ತಾಳೆ. ಅವಳು ಬಂದ ಪುಟಗಳನ್ನೆಲ್ಲ ಸೂಜಿಯಕ್ಕ ಸರಸರನೆ ಮಗುಚುತ್ತಿದ್ದಳು. ಆಮೇಲೆ ತಡೆಯಲಾರದೆ ಹಿಂದಕ್ಕೆ ಬಂದು ಮತ್ತೆ ಓದುತ್ತಿದ್ದಳು.

ಯಾಕೆಂದರೆ ಅವಳ ಸ್ವಂತ ತಾಯಿ ಒಂದು ಬೆಳಿಗ್ಗೆ ಲಾರಿ ಹತ್ತಿರಲಿಲ್ಲ.

ಅದು ಆಲೂಗಡ್ಡೆ ಹೊಲ. ಅಗೆತ ಮುಗಿದಿತ್ತು. ಗಂಟುಮೂಟೆ ಏರಿಸಿ ಆಗಿತ್ತು, ಅಪ್ಪ, ಅಕ್ಕ, ತಾನು ಮೇಲೆ ಕೂತಾಗಿತ್ತು. ಅಮ್ಮ ಕೂಲಿಯವರ ಶೆಡ್ಡಿನ ಬಾಗಿಲಲ್ಲಿ ನಿಂತು, "ನಾನು ಬರಲ್ಲ" ಎಂದಳು. ಅಷ್ಟೇ. ಅಪ್ಪ ಮುನಿಸು ಎಂದುಕೊಂಡ. ಡ್ರೈವರ್ ಹಾರ್ನ್ ಒತ್ತಿದ. ಹಿಂದಿನ ಲಾರಿಯಲ್ಲಿ ಬಂದಾಳು ಎಂದು ಹೊರಟರು. ಅವಳು ಬರಲಿಲ್ಲ. ಅಪ್ಪ ವಾಪಸು ಹೋಗಿ ನೋಡಿದಾಗ ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಅಂದಿನಿಂದ ಕೇಳಿದವರಿಗೆಲ್ಲ ಮನೆಯಲ್ಲಿ ಒಂದೇ ಉತ್ತರ: ಜ್ವರ ಬಂದು ಹೋದಳು.

ಊರಿನ ಗ್ರಂಥಾಲಯದಲ್ಲಿ ಭಾನುವಾರದ ಓದುಗರ ಕೂಟದಲ್ಲಿ ಅದೇ ಕಾದಂಬರಿಯ ಚರ್ಚೆ ಇದೆಯೆಂದು ಹಲಗೆಯ ಮೇಲೆ ಬರೆದಿದ್ದನ್ನು ಅವಳು ಕಂಡಳು. ಒಳಗೆ ಹೋಗಲೋ ಬೇಡವೋ ಎಂದು ಮೆಟ್ಟಿಲ ಬಳಿ ಮೀನಮೇಷ ಎಣಿಸಿ, ಕಡೆಗೆ ಹೋಗಿ ಬಾಗಿಲ ಪಕ್ಕದ ಕುರ್ಚಿ ಹಿಡಿದಳು. ನಿವೃತ್ತ ಮೇಷ್ಟ್ರೊಬ್ಬರು ಕೂಟ ನಡೆಸುತ್ತಿದ್ದರು. ಬ್ಯಾಂಕಿನವನೊಬ್ಬ, ಔಷಧಿ ಅಂಗಡಿಯ ಹೆಂಗಸು, ಇನ್ನೂ ಕೆಲವರಿದ್ದರು. ಎಲ್ಲರೂ ಒಳ್ಳೆಯ ಜನ. ಓದಿ ಅತ್ತವರೂ ಇದ್ದರು.

"ಇಡೀ ಪುಸ್ತಕಕ್ಕೆ ಆ ತಾಯೀನೇ ಬೆನ್ನುಮೂಳೆ" ಎಂದರು ಮೇಷ್ಟ್ರು. "ಎಂಥ ಕಷ್ಟದಲ್ಲೂ ತಾಯಿ ಆದವಳು ಕೈ ಬಿಡಲ್ಲ, ನೋಡಿ."

"ಕೆಲವರು ಬಿಡ್ತಾರೆ ಮೇಷ್ಟ್ರೇ." ತನ್ನ ದನಿ ಕೇಳಿ ಸೂಜಿಯಕ್ಕನಿಗೇ ಗಾಬರಿಯಾಯಿತು.

"ಅಂದ್ರೆ ಯಾರಮ್ಮಾ?"

"ಲಾರಿ ಹತ್ತದೆ ನಿಂತುಬಿಡ್ತಾಳಲ್ಲ, ಅಂಥವಳು."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಪುಟ ತಿರುವಿದರು. ಬ್ಯಾಂಕಿನವನೂ ತಿರುವಿದ. ಔಷಧಿ ಅಂಗಡಿಯ ಹೆಂಗಸು ಪಕ್ಕದವಳ ಪುಸ್ತಕಕ್ಕೆ ಇಣುಕಿದಳು. "ಯಾವ ಅಧ್ಯಾಯದಲ್ಲಿ ಬರುತ್ತೆ ಅದು? ನನಗೆ ತಪ್ಪಿಹೋಯ್ತು ಅನ್ಸುತ್ತೆ" ಎಂದರು ಮೇಷ್ಟ್ರು, ನಿಜವಾದ ಕಾಳಜಿಯಿಂದಲೇ.

"ಪುಸ್ತಕದಲ್ಲಿ ಇಲ್ಲ" ಎಂದಳು ಸೂಜಿಯಕ್ಕ.

ಯಾರೋ ಕೆಮ್ಮಿದರು. ಮಾತು ಬೇರೆ ಕಡೆ ಹರಿಯಿತು. ಕಾಫಿ ಬರುವ ಮುಂಚೆಯೇ ಅವಳು ಎದ್ದು ಬಂದಳು. ಬೀದಿಯಲ್ಲಿ ರಜೆಯ ಜನ ಮಕ್ಕಳುಮರಿ ಕಟ್ಟಿಕೊಂಡು ಓಡಾಡುತ್ತಿದ್ದರು. ಅಷ್ಟು ಮಂದಿಯ ನಡುವೆ ಆ ಶೆಡ್ಡಿನ ಬಾಗಿಲನ್ನು ಕಣ್ಣಾರೆ ಕಂಡವಳು ತಾನೊಬ್ಬಳೇ ಎನಿಸಿತು. ಅಲ್ಲ, ಅಕ್ಕನೂ ಕಂಡಿದ್ದಳು.

ಅಕ್ಕನದು ಎರಡಂತಸ್ತಿನ ಮನೆ, ಮಗ, ಸೊಸೆ, ಮೊಮ್ಮಗಳು. ಲಾರಿಯ ಕಾಲವನ್ನು ಅವಳು ನುಂಗಿ ನೀರು ಕುಡಿದಿದ್ದಳು. ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದವಳ ಬಳಿ ನಿಂತು ಸೂಜಿಯಕ್ಕ ಕೇಳಿಯೇಬಿಟ್ಟಳು.

"ಅಕ್ಕಾ, ಅಮ್ಮ ಆವತ್ತು ಯಾಕೆ ಹತ್ತಲಿಲ್ಲ?"

"ಮೆತ್ತಗೆ ಮಾತಾಡೇ, ಸೊಸೆ ಕೆಳಗಿದ್ದಾಳೆ. ಅಮ್ಮ ಜ್ವರ ಬಂದು ಹೋದ್ಲು."

"ನಾನೂ ಆ ಲಾರಿ ಮೇಲೇ ಇದ್ದೆ ಕಣಕ್ಕ."

ಅಕ್ಕ ಒದ್ದೆ ಹೊದಿಕೆಯನ್ನು ಎರಡು ಸಲ ಕೊಡವಿದಳು. ಅದರ ಮರೆಯಿಂದಲೇ ಮಾತು ಬಂತು. "ಸಾಕಾಗಿತ್ತು ಅವಳಿಗೆ. ಇನ್ನೇನಿರುತ್ತೆ? ನಂಗೂ ಸಾಕಾಗಿತ್ತು. ಅವಳ ಜೊತೆ ಇಳಿದುಬಿಡೋಣ ಅಂತ ಒಂದು ಕಾಲು ಆಚೆ ಹಾಕಿದ್ದೆ, ಗೊತ್ತಾ ನಿಂಗೆ? ನೀನು ನನ್ನ ಜಡೆ ಬಿಗಿಯಾಗಿ ಹಿಡ್ಕೊಂಡಿದ್ದೆ. ಬಿಡಿಸಿಕೊಂಡರೆ ಅತ್ತುಬಿಡ್ತೀಯ ಅಂತ ಕೂತೆ."

ಸೂಜಿಯಕ್ಕ ಹೊದಿಕೆಯ ಇನ್ನೊಂದು ತುದಿ ಹಿಡಿದುಕೊಂಡಳು. ಆಮೇಲಿನ ಹೊಲಗಳಲ್ಲೆಲ್ಲ ಒಲೆ ಹೂಡಿದ್ದು ಯಾರು? ಅಪ್ಪ ಗಿರಣಿಯ ಕಾವಲಿಗೆ ಸೇರಿ ಒಂದು ಕಡೆ ನೆಲೆ ನಿಂತಾಗ, ತಾನು ಕೂಲಿಗೆ ಹೋಗಿ ತಂಗಿಯನ್ನು ಶಾಲೆಗೆ ಅಟ್ಟಿದ್ದು ಯಾರು? ಇವತ್ತಿಗೂ ಅಕ್ಕನಿಗೆ ಬಸ್ಸಿನ ಬೋರ್ಡು ಓದಲು ಬರುವುದಿಲ್ಲ.

"ಅಕ್ಕಾ, ಒಂದು ಪುಸ್ತಕ ಓದ್ದೆ. ಅದರಲ್ಲಿ ಒಬ್ಬಳಿದ್ದಾಳೆ, ಥೇಟ್ ನಿನ್ನ ಹಾಗೇ. ಓದಿ ಹೇಳ್ಲಾ?"

"ಬೇಡಮ್ಮ. ಅದೆಲ್ಲ ಉಂಡು ಮುಗಿಸಿದ್ದೀನಿ, ಇನ್ನು ಓದಿ ಬೇರೆ ಕೇಳ್ಬೇಕಾ?" ಅಕ್ಕ ಬಕೆಟ್ ಎತ್ತಿಕೊಂಡಳು. "ಈ ಮಾತು ಈ ಮನೇಲಿ ಇದೇ ಕೊನೆ. ಊಟ ಮಾಡ್ಕೊಂಡು ಹೋಗು."

ಊಟ ಮಾಡಿಕೊಂಡು ಬಂದಳು. ಮೊಮ್ಮಗಳ ಪರೀಕ್ಷೆ, ಸೊಸೆಯ ಹಲ್ಲುನೋವು, ಎಲ್ಲ ಮಾತೂ ಆಯಿತು.

ಕಾದಂಬರಿ ಮುಗಿಸಿದ್ದು ಅದೇ ವಾರ, ನೆಲಮಾಳಿಗೆಯಲ್ಲಿ. ಕೊನೆಯ ಪುಟದಲ್ಲೂ ಆ ಕುಟುಂಬ ಎಲ್ಲಿಗೂ ಮುಟ್ಟಿರಲಿಲ್ಲ. ಪುಸ್ತಕ ಮುಚ್ಚಿದ ಮೇಲೆ, ಇಷ್ಟು ವರ್ಷ ತಾನು ಆ ಬೆಳಗನ್ನು ಲಾರಿಯ ಮೇಲಿಂದಲೇ ನೋಡುತ್ತಿದ್ದೆ ಎಂಬುದು ಅವಳಿಗೆ ಹೊಳೆಯಿತು. ದೂರವಾಗುತ್ತಾ ಚಿಕ್ಕದಾಗುವ ಹೆಂಗಸು, ಅಷ್ಟೇ. ಮೊದಲ ಸಲ ಅವಳು ಬಾಗಿಲಲ್ಲಿ, ಆ ಹೆಂಗಸಿನ ಪಕ್ಕ ನಿಂತಳು. ಇಂದಿನ ತನಗಿಂತ ಎಷ್ಟೋ ಚಿಕ್ಕವಳು ಅಮ್ಮ. ಲಾರಿಯ ಸದ್ದು ಅಡಗುತ್ತದೆ. ಧೂಳು ಕೂರುತ್ತದೆ. ಅಗೆದ ಹೊಲ ಬಾಯಿ ಬಿಟ್ಟುಕೊಂಡು ಬಿದ್ದಿದೆ. ಆಮೇಲೆ ಅವಳು ಏನು ಮಾಡಿದಳು? ಕೂತಳೇ? ನಡೆದಳೇ? ಯಾವ ದಿಕ್ಕಿಗೆ? ಅಲ್ಲಿಂದ ಮುಂದಕ್ಕೆ ಸೂಜಿಯಕ್ಕನಿಗೆ ಏನೂ ಕಾಣಲಿಲ್ಲ. ಸಿಟ್ಟು ಹುಡುಕಿದಳು, ಅದೂ ಸಿಗಲಿಲ್ಲ.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಅಕ್ಕನ ಫೋನ್ ಬಂತು. ಅಕ್ಕ ಹಾಗೆಲ್ಲ ಕೆಲಸದ ಹೊತ್ತಿನಲ್ಲಿ ಫೋನ್ ಮಾಡುವವಳಲ್ಲ.

"ಏನಕ್ಕ? ಎಲ್ಲಾ ಹುಷಾರಾ?"

"ಹ್ಞೂಂ." ಆಚೆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. "ಆವತ್ತು ಬೆಳಿಗ್ಗೆ ಗಂಟು ಕಟ್ಟುವಾಗ ಅವಳು ಏನೋ ಗುನುಗ್ತಾ ಇದ್ಲು ಕಣೇ. ಅಮ್ಮ ಹಾಡಿದ್ದು ನಾನು ಅದಕ್ಕೆ ಮುಂಚೆ ಕೇಳೇ ಇರ್ಲಿಲ್ಲ."

"ಯಾವ ಹಾಡಕ್ಕ?"

"ಗೊತ್ತಿಲ್ಲ. ಮರ್ತುಹೋಗಿದೆ. ಇಡ್ತೀನಿ."

ಸೂಜಿಯಕ್ಕ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಪಕ್ಕದ ಕೋಣೆಯಲ್ಲಿ ಯಂತ್ರಗಳು ಗರಗರ ತಿರುಗುತ್ತಿದ್ದವು. ಆ ಸದ್ದಿನ ನಡುವೆ ಅವಳು ತನಗೆ ಬರುತ್ತಿದ್ದ ಹಾಡುಗಳನ್ನೆಲ್ಲ ಒಂದೊಂದಾಗಿ ಮೂಗಿನಲ್ಲೇ ಗುನುಗಿ ನೋಡಿದಳು. ಯಾವುದೂ ಅದಲ್ಲ ಎನಿಸಿತು.