ಕಾಕಾ ಬೇಲಿ ಹಾಕಿದ ಗಾಡಿದಾರಿ

ನಾನು ಚಿಕ್ಕವಳಿದ್ದಾಗ, ಮಕ್ಕಳೇ, ನೇಸರಿಯ ನಮ್ಮ ಕಬ್ಬಿನ ಹೊಲಕ್ಕೆ ಇದ್ದದ್ದು ಒಂದೇ ಗಾಡಿದಾರಿ. ಅದು ಕಾಕಾನ ಹೊಲದ ಅಂಚಿನಲ್ಲಿ ಹಾಯುತ್ತಿತ್ತು. ಕಾಕಾ ಅಂದರೆ ಅಪ್ಪನ ತಮ್ಮ. ಒಂದು ವರ್ಷ, ಸರಿಯಾಗಿ ಕಬ್ಬು ಕಡಿಯುವ ಹೊತ್ತಿಗೆ, ಕಾಕಾ ಆ ದಾರಿಗೆ ಅಡ್ಡಲಾಗಿ ಜಾಲಿಮುಳ್ಳಿನ ಬೇಲಿ ಹಾಕಿಬಿಟ್ಟ. ಕಡಿದ ಕಬ್ಬು ಹೊರಗೆ ಬರಲಾಗದೆ ಹೊಲದಲ್ಲೇ ಒಣಗತೊಡಗಿತು. ಗಾಳಿ ಬೀಸಿದರೆ ಅದರ ಹುಳಿವಾಸನೆ ಮನೆಯ ತನಕ ಬರುತ್ತಿತ್ತು. ಅಪ್ಪ ಗಡಹಿಂಗ್ಲಜಿಗೆ ಹೋಗಿ ವಕೀಲರನ್ನು ಕಾಣುವ ತಯಾರಿಯಲ್ಲಿದ್ದ.

ಸುದ್ದಿ ಕೇಳಿ ಅತ್ತಿ ಕುರುಂದವಾಡದಿಂದ ಎಸ್‌ಟಿ ಬಸ್ಸು ಹಿಡಿದು ಬಂದಳು. ಅವಳು ಅವರಿಬ್ಬರಿಗೂ ಅಕ್ಕ. ಕಾಲು ತೊಳೆದು, ಚಹಾ ಕುಡಿದು, ತಮ್ಮಂದಿರನ್ನು ನಮ್ಮ ಪಡಸಾಲೆಗೆ ಕರೆಸಿದಳು. ಅಪ್ಪ ಕಂಬಕ್ಕೆ ಒರಗಿ ಕೂತ. ಕಾಕಾ ಬಾಗಿಲ ಹತ್ತಿರವೇ ಕೂತ, ಬೇಕಾದಾಗ ಎದ್ದು ಹೋಗಲು ಅನುಕೂಲವಾಗುವಂತೆ. ಕೂತವರೇ ಇಬ್ಬರೂ ಒಮ್ಮೆಲೇ ಬಾಯಿ ತೆರೆದರು.

ಅತ್ತಿ ಕೈ ಎತ್ತಿದಳು. "ದಾರಿ ಮಾತು ಆಮ್ಯಾಲೆ. ನಿಮ್ಮ ನಿಮ್ಮ ತಕರಾರು ನನಗ ಬ್ಯಾಡ. ದೊಡ್ಡಾಂವ, ನೀ ಹೇಳು. ತಮ್ಮನ ಮನಸಿನ್ಯಾಗ ಏನ್ ಕುಂತೈತಿ? ಅಂವ ಹೌದು ಅನ್ನೂತನಕ ಹೇಳ್ಬೇಕು."

"ಏನೈತಿ? ದಾರಿ ತನ್ನ ಪಾಲಿಂದು ಅಂತಾನ," ಅಂದ ಅಪ್ಪ.

ಕಾಕಾ ತಲೆ ಅಲ್ಲಾಡಿಸಿದ. "ಅದಲ್ಲ."

"ನನಗ ಛಲೋ ಹೊಲ ಬಂದೈತಿ ಅಂತ ಹೊಟ್ಟಿಕಿಚ್ಚು."

"ಅದೂ ಅಲ್ಲ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅತ್ತಿ ಏನೂ ನೆನಪು ಮಾಡಿಕೊಡಲಿಲ್ಲ. ಅಪ್ಪ ಕೊನೆಗೆ ಸಣ್ಣ ದನಿಯಲ್ಲಿ ಹೇಳಿದ: "ಅವ್ವ ಸತ್ತಾಗ ನಾ ಇವನ ಹಾದಿ ಕಾಯಲಿಲ್ಲ. ಇಂವ ಬರೂದ್ರಾಗ ಮಣ್ಣು ಮಾಡಿದ್ವಿ. ಅವ್ವನ ಮಾರಿ ನೋಡಾಕ ಇವಗ ಸಿಗಲಿಲ್ಲ."

"ಹೌದು," ಅಂದ ಕಾಕಾ. "ಅದ."

ಅವರ ಅವ್ವ, ಅಂದರೆ ನನ್ನ ಅಜ್ಜಿ, ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದಳು. ಆಗ ಕಾಕಾ ದೂರದ ಕಬನೂರಿನಲ್ಲಿ ಮಗ್ಗದ ಕೆಲಸಕ್ಕಿದ್ದ; ಆಮೇಲೆ ಊರಿಗೆ ಮರಳಿದ್ದ.

ಈಗ ಅತ್ತಿ ಕಾಕಾನ ಕಡೆ ತಿರುಗಿದಳು. ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. "ಅವ್ವ ಹಾಸಿಗಿ ಹಿಡದಾಗ ಎತ್ತಿ ಇಳಿಸಿ ಮಾಡಿದಾಂವ ಅಣ್ಣ. ನಾ ರಜೆ ಇಲ್ಲ ಅಂತ ಬರಲಿಲ್ಲ. ಆ ಸಿಟ್ಟು ಅವಗೈತಿ."

ಅಪ್ಪ ಹೌದು ಅನ್ನಲಿಲ್ಲ. ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. ಅಷ್ಟೇ ಸಾಕೆಂದುಕೊಂಡಳು ಅತ್ತಿ. "ಇನ್ನ ದಾರಿ ಮಾತಾಡ್ರಿ," ಅಂದಳು.

ಆ ಮಾತು ಒಳಗಿನಿಂದ ಮತ್ತೆ ಬಂದ ಚಹಾ ಆರುವುದರೊಳಗೆ ಮುಗಿಯಿತು. ಸುಗ್ಗಿಯಲ್ಲಿ ಗಾಡಿ ಹಾಯಬೇಕು, ಉಳಿದ ದಿನ ಕಾಕಾ ಅಲ್ಲಿ ಮೇವು ಬೆಳೆಯಬಹುದು. ಸಂಜೆಗೆ ಅಣ್ಣತಮ್ಮಂದಿರು ಸೇರಿಯೇ ಮುಳ್ಳು ಎಳೆದರು. ಮುಂದೆ ಅವರು ಬಹಳ ಮಾತಿನವರೇನೂ ಆಗಲಿಲ್ಲ. ಆದರೆ ಅಜ್ಜಿಯ ವರ್ಷದ ಕಾರ್ಯಕ್ಕೆ ಕಾಕಾ ಹಿಂದಿನ ದಿನವೇ ತನ್ನ ಮನೆ ಬಿಟ್ಟು ಬಂದು ನಮ್ಮ ಪಡಸಾಲೆಯಲ್ಲಿ ಮಲಗಿದ.

ನೀವು ಇಚಲಕರಂಜಿಯಲ್ಲಿ ಬೆಳೆಯುತ್ತಿದ್ದೀರಿ. ಜಗಳವಾದರೆ ಫೋನಿನಲ್ಲಿ ಗೆಳೆಯನ ಹೆಸರು ಬ್ಲಾಕ್ ಮಾಡುತ್ತೀರಿ; ಮುಖ ನೋಡದೆ ತಿಂಗಳುಗಟ್ಟಲೆ ಇರಬಹುದು. ನಮಗೆ ಆ ಅನುಕೂಲ ಇರಲಿಲ್ಲ. ಯಾರ ಮೇಲೆ ಸಿಟ್ಟಿತ್ತೋ, ಬೆಳಗಾದರೆ ಅವರೇ ಎದುರಿಗೆ ಸಿಗುತ್ತಿದ್ದರು.